ಜ್ವರದ ಪ್ರಶ್ನೆ

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯೂನಿಟ್‌ಗೆ ವಲಸೆ ಕಾರ್ಮಿಕರ ಸಮೀಕ್ಷೆಗೆಂದು ಹೋದಾಗ, ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದ ಆಕೆ ಸಿಕ್ಕರು. ಆಂಧ್ರದಿಂದ ಸಂಸಾರ ಸಮೇತ ಬಂದವರು. ಎಳೆ ತುಂಡಾದೀತೆಂದು, ಮಾತಾಡುವಾಗಲೂ ಬಿಸಿನೀರಿನಲ್ಲಿದ್ದ ಗೂಡುಗಳಿಂದ ಕೈ ತೆಗೆಯುತ್ತಿರಲಿಲ್ಲ. ಪ್ರತಿ ಉತ್ತರದ ಕೊನೆಗೂ "ಅದನ್ನೂ ಬರ್ಕೊಳಮ್ಮ" ಎನ್ನುತ್ತಿದ್ದರು.

"ಬಿಹಾರದಿಂದ ಸಂಸಾರ ಬಿಟ್ಟು ಒಬ್ಬೊಬ್ಬರೇ ಬಂದಿರೋರಿಗೆ ನಿಮಗಿಂತ ಕೂಲಿ ಜಾಸ್ತಿ. ಅವರೇ ಅನುಕೂಲವಾಗಿದ್ದಾರೆ, ಅಲ್ವಾ?" ಎಂದೆ.

ಆಕೆ ಕೈ ತೆಗೆದೇಬಿಟ್ಟರು. ಎಳೆ ತುಂಡಾಯಿತು. ಮನೆಯಿಂದ ತಂದಿದ್ದ ಗಂಜಿಯನ್ನು, ಮೂಲೆಯಲ್ಲಿ ಜ್ವರದಿಂದ ಮಲಗಿದ್ದ ಬಿಹಾರದವನನ್ನು ಎಬ್ಬಿಸಿ ಕುಡಿಸಿದರು.

"ನಂಗೆ ಜ್ವರ ಬಂದ್ರೆ ಮಗಳವ್ಳೆ. ಇವನಿಗ್ಯಾರವ್ರೆ? ಅದನ್ನೂ ಬರ್ಕೊಳಮ್ಮ."

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ. ಈಗ ಫಾರಂ ತಯಾರಿಸುವವಳು ನಾನೇ. ಅದರಲ್ಲಿ ಕೂಲಿಯ ಪ್ರಶ್ನೆ ಎರಡನೆಯದು. ಮೊದಲನೆಯದು ಆಕೆ ಕೊಟ್ಟದ್ದು: ಜ್ವರ ಬಂದರೆ ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?