ಗೋಡೆಗೆ ಅಂಟಿಸಿದ ಕರೆ

ಕೋವಿಡ್ ಹಾವಳಿ ಇಳಿದು ಎರಡನೆಯ ವರ್ಷ. ನ್ಯೂಜಿಲೆಂಡಿನ ಅಪ್ಪರ್ ಹಟ್ ಕಡೆಯ ಒಂದು ಚಿಕ್ಕ ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ ನಾನು ಪ್ಯಾರಿಷ್ ಕೋಆರ್ಡಿನೇಟರ್ ಆಗಿದ್ದೆ. ವಾರಕ್ಕೆ ಇಪ್ಪತ್ತೈದು ಗಂಟೆಯ ಸಂಬಳದ ಕೆಲಸ, ದೇವಾಲಯದ ಪಕ್ಕದಲ್ಲೇ ಹೀಟರ್ ಸರಿಯಿಲ್ಲದ ಒಂದು ಆಫೀಸು. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಶಿಫ್ಟ್ ರೋಸ್ಟರ್ ಹಾಕುತ್ತಿದ್ದವಳು ನಾನು. ಯಾರು ಯಾವ ದಿನ ಎಲ್ಲಿರಬೇಕು ಎಂದು ಖಾನೆ ಎಳೆದು ಹೆಸರು ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದ ಕಥೆಯೇ ಇದು.

ಹೊರಗಿನವರಿಗೆ ದೇವಾಲಯ ಎಂದರೆ ಪಾದ್ರಿಯೊಬ್ಬರೇ. ಆದರೆ ಒಂದು ಭಾನುವಾರದ ಬಲಿಪೂಜೆ, ಅಂದರೆ ಪಾದ್ರಿ ಅರ್ಪಿಸುವ ಮಾಸ್, ಸುಸೂತ್ರವಾಗಿ ನಡೆಯಬೇಕಾದರೆ ಬಾಗಿಲಲ್ಲಿ ಸ್ವಾಗತಿಸುವವರು, ಬೈಬಲಿನ ವಾಚನ ಓದುವವರು, ಹಾಡುವವರು, ಮೈಕು ನೋಡಿಕೊಳ್ಳುವವರು, ಪೂಜಾಸಾಮಗ್ರಿ ಅಣಿಮಾಡುವವರು, ಮಕ್ಕಳಿಗೆ ಪಾಠ ಹೇಳುವವರು, ಕಾಯಿಲೆಯವರ ಮನೆಗೆ ಪರಮಪ್ರಸಾದದ ರೊಟ್ಟಿ ಒಯ್ಯುವವರು ಎಲ್ಲರೂ ಬೇಕು. ಇವರೆಲ್ಲ ಸಾಮಾನ್ಯ ಭಕ್ತರು, ಸಂಬಳವಿಲ್ಲದವರು. ಇವರ ಮೇಲೊಂದು ಪಾಲನಾ ಪರಿಷತ್ತು ಇರುತ್ತದೆ. ಪಾದ್ರಿಗೆ ಸಲಹೆ ಕೊಡುವುದು, ಮುಂದಿನ ದಾರಿ ಯೋಚಿಸುವುದು ಅದರ ಕೆಲಸ. ಈ ಒಂದೊಂದು ಸೇವೆಗೂ ಇಂಗ್ಲಿಷಿನಲ್ಲಿ ಮಿನಿಸ್ಟ್ರಿ ಎನ್ನುತ್ತಾರೆ. ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೆಮ್ಮೆಯಿಂದ, "ನನ್ನ ಕೈಕೆಳಗೆ ಹನ್ನೆರಡು ಮಿನಿಸ್ಟ್ರಿ ಇವೆ ಕಣೇ" ಎಂದಿದ್ದೆ. "ಹಂಗಾದ್ರೆ ಕೆಂಪು ದೀಪದ ಕಾರು ಕೊಟ್ಟಿದ್ದಾರಾ?" ಎಂದು ಕೇಳಿದಳು.

ಹನ್ನೆರಡು ಖಾನೆಗಳೇನೋ ಇದ್ದವು. ಅವನ್ನು ತುಂಬಿದ್ದವರು ಆರೇ ಜನ! ಅದರಲ್ಲೂ ಐದು ಖಾನೆ ಒಬ್ಬರದೇ, ಮೊರೀನ್ ಅವರದು. ಎಪ್ಪತ್ತೆಂಟು ವರ್ಷದ ವಿಧವೆ. ಮೂವತ್ತನಾಲ್ಕು ವರ್ಷದಿಂದ ದೇವಾಲಯದ ಬೀಗದ ಕೈ ಅವರ ಏಪ್ರನ್ ಜೇಬಿನಲ್ಲೇ ಇತ್ತು. ಪೀಠದ ಬಟ್ಟೆ ಇಸ್ತ್ರಿ ಮಾಡುವುದು, ಹೂ ಜೋಡಿಸುವುದು, ಟೀ ಕಾಯಿಸುವುದು ಎಲ್ಲವೂ ಅವರೇ. ಅವರಿಗೆ ನೆಗಡಿಯಾದರೆ ಧರ್ಮಕೇಂದ್ರಕ್ಕೇ ಜ್ವರ ಬಂದಂತೆ ನಾವು ಪರದಾಡುತ್ತಿದ್ದೆವು.

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲ, ಆಗಷ್ಟೇ ಶುರುವಾಗಿತ್ತು. ಒಂದು ಸೋಮವಾರ ನಮ್ಮ ಪಾದ್ರಿ ಫಾದರ್ ಬ್ರೆಂಡನ್ ಆಫೀಸಿಗೆ ಬಂದು ಕುಳಿತರು. ಮೊದಲೇ ಎರಡು ದೇವಾಲಯ ನೋಡಿಕೊಳ್ಳುತ್ತಿದ್ದ ಅವರಿಗೆ ಮೂರನೆಯದೂ ಬಂದಿತ್ತು. ಪಾದ್ರಿಗಳ ಕೊರತೆಯಿಂದ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕಚೇರಿ ಹೊಸದೊಂದು ನಿಯಮ ಕಳಿಸಿತ್ತು. ಪಾದ್ರಿ ಬರಲಾಗದ ಭಾನುವಾರವನ್ನೂ ತಾವೇ ನಡೆಸಬಲ್ಲ, ಸಂಬಳವಿಲ್ಲದ ಹನ್ನೆರಡು ಮಂದಿ ಭಕ್ತರ ತಂಡ ಇರಬೇಕು. ಒಬ್ಬರಿಗೆ ಒಂದೇ ಕೆಲಸ. ಈಸ್ಟರ್‌ಗೆ ಒಂದು ವಾರ ಮುಂಚೆ, ತಾಳೆಗರಿ ಹಿಡಿದು ಆಚರಿಸುವ ಗರಿಗಳ ಭಾನುವಾರ ಕಚೇರಿಯ ಪ್ರತಿನಿಧಿ ಬಂದು ನೋಡುತ್ತಾರೆ. ತಂಡವಿಲ್ಲದಿದ್ದರೆ ನಮ್ಮ ದೇವಾಲಯದ ಬಾಗಿಲು ಮುಚ್ಚುತ್ತದೆ, ನಾವೆಲ್ಲ ಕಣಿವೆಯ ಕೆಳಗಿನ ದೇವಾಲಯಕ್ಕೆ ಹೋಗಬೇಕು.

ಮೊರೀನ್‌ಗೆ ವಿಷಯ ತಿಳಿಸಿದವಳು ನಾನೇ. ಅವರು ಅಳಲಿಲ್ಲ, ಕೂಗಾಡಲಿಲ್ಲ. "ಜಿಮ್‌ನನ್ನು ಇಲ್ಲಿಂದಲೇ ಕಳಿಸಿಕೊಟ್ಟಿದ್ದು. ನನ್ನನ್ನೂ ಇಲ್ಲಿಂದಲೇ ಕಳಿಸುತ್ತೀರಿ ಅಂದುಕೊಂಡಿದ್ದೆ," ಎಂದರು. ಜಿಮ್ ಅವರ ಗಂಡ. ಆ ಮಾತು ಕೇಳಿದ ಮೇಲೆ, ಹೇಗಾದರೂ ಸರಿ ಈ ಬಾಗಿಲು ಮುಚ್ಚಲು ಬಿಡಬಾರದು ಎಂದು ಹಟ ತೊಟ್ಟೆ.

ಹಟ ತೊಟ್ಟವಳು ಮಾಡಿದ್ದೇನು? ಒಂದು ಫಾರಂ! ಹನ್ನೆರಡು ಖಾನೆ, ಅಂದವಾದ ಬಣ್ಣ, ಕೆಳಗೊಂದು ಕ್ಯೂಆರ್ ಕೋಡ್. ಬಾಗಿಲ ಬಳಿಯ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ನೇತುಹಾಕಿದೆ. ಇಲ್ಲಿ ಎಲ್ಲ ಕೆಲಸಕ್ಕೂ ಹೀಗೇ. ಇಷ್ಟವಿದ್ದವರು ಬಂದು ಹೆಸರು ಬರೆಯುತ್ತಾರೆ, ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ. ಮೂರನೆಯ ಭಾನುವಾರ ನೋಡಿದರೆ ಏಳು ಹೆಸರು. ಆರು ಮಂದಿ ಹಳಬರೇ. ಏಳನೆಯವರು ಬರೆದಿದ್ದರು: "ಯಾವಾಗ ಬೇಕಾದರೂ ಸಹಾಯಕ್ಕೆ ಸಿದ್ಧ, ಭಾನುವಾರ ಒಂದು ಬಿಟ್ಟು."

ನನಗೆ ಮೈಯೆಲ್ಲ ಉರಿಯಿತು. ಪ್ರತಿ ಭಾನುವಾರ ದೇವಾಲಯ ತುಂಬುತ್ತಿತ್ತಲ್ಲ! ಸಮೋವಾದವರು, ಫಿಲಿಪ್ಪೀನ್ಸಿನವರು, ಕೇರಳದವರು, ನಮ್ಮ ಕನ್ನಡದವರೇ ನಾಲ್ಕು ಕುಟುಂಬ. ಇವರಲ್ಲಿ ಒಬ್ಬರಿಗೂ ಪೆನ್ನು ಎತ್ತಲಾಗಲಿಲ್ಲವೇ? ಅಂದೇ ಪ್ರಕಟಣೆ ಓದುವ ನೆಪದಲ್ಲಿ ಮೈಕಿನ ಮುಂದೆ ನಿಂತು ಎಲ್ಲರನ್ನೂ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಬೆಂಚು ಬೆಚ್ಚಗೆ ಮಾಡಲು ಬರುವವರಿಂದ ದೇವಾಲಯ ಉಳಿಯುವುದಿಲ್ಲ ಎಂದೆ. ಜನ ತಲೆ ತಗ್ಗಿಸಿದರು. ಆ ದಿನ ಟೀಗೂ ಯಾರೂ ನಿಲ್ಲಲಿಲ್ಲ.

ಹೊರಗೆ ಜೋರು ಮಳೆ. ಕೊನೆಯ ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದರು, ಚೌರಪ್ಪ ಅಂಕಲ್. ಮಗಳು ರೀಟಾ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದರಿಂದ ಅವರನ್ನು ಮನೆಗೆ ಬಿಡುವ ಕೆಲಸ ನನ್ನದಾಗಿತ್ತು. ಹಾಸನ ಕಡೆಯ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷ ಉಪದೇಶಿಯಾಗಿದ್ದವರು. ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದ ಆ ಊರಿನಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಇವರದೇ. ಕಾರಿನಲ್ಲಿ ಕೂತ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ.

"ಅಂಕಲ್, ನೀವಾದ್ರೂ ಹೆಸರು ಬರೀಬಾರದಿತ್ತಾ? ಇಷ್ಟೆಲ್ಲ ಗೊತ್ತಿರೋರು?"

ಅವರು ನನ್ನ ಮುಖವನ್ನೇ ನೋಡಿದರು. "ನನ್ ಹೆಸ್ರು ನಾನೇ ಬರ್ಕಳದಾ? ದೇವ್ರ ಪೀಠದ ತಾವ ನಾನೇ ಹೋಗಿ ನಿಂತ್ಕಳಕಾಯ್ತದಾ ಕಣವ್ವಾ? ಕರೀಬೇಕು."

"ಗೋಡೆ ಮೇಲೆ ಹಾಕಿದ್ನಲ್ಲ ಅಂಕಲ್, ಎಲ್ಲರಿಗೂ ಅಂತ."

"ನಿನ್ ಮಗಳ ಮದ್ವೆಗೆ ಗೋಡೆಗೆ ಚೀಟಿ ಅಂಟ್ಸಿ, ಬರೋರೆಲ್ಲ ಹೆಸ್ರು ಬರೀರಿ ಅಂದ್ರೆ ಯಾರವ್ವ ಬತ್ತಾರೆ?"

ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿಬಿಟ್ಟೆ. ನನ್ನ ಮದುವೆಗೆ ಅಮ್ಮ ಕಾರ್ಡು ಹಿಡಿದು ಮನೆಮನೆಗೆ ಹೋಗಿದ್ದರು. ಗೇಟಿನಲ್ಲೇ ಕೊಟ್ಟು ಬಂದ ಒಂದು ಮನೆಯವರು ಇಂದಿಗೂ ಆ ಮಾತು ಎತ್ತುತ್ತಾರೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ದೇವರ ಸೇವೆಗೆ ಒಬ್ಬರು ಹೊರಟರೆ ನಮ್ಮ ಕನ್ನಡ ಧರ್ಮಸಭೆಯಲ್ಲಿ ಅದಕ್ಕೆ "ದೈವಕರೆ" ಎನ್ನುತ್ತೇವೆ. ಕರೆ ಎಂಬ ಪದವೇ ಅದರಲ್ಲಿದೆ. ನಾನು ಕರೆದಿರಲಿಲ್ಲ, ಬರಿದೇ ನೋಟಿಸು ಹಾಕಿದ್ದೆ. ಅದರ ಮೇಲೆ ಬೈದೂ ಇದ್ದೆ!

ಮರುದಿನ ಬೆಳಿಗ್ಗೆಯೇ ಮೊರೀನ್ ಮುಂದೆ ನಿಂತು, ನಾವಿಬ್ಬರೂ ಮನೆಮನೆಗೆ ಹೋಗಿ ಕರೆಯಬೇಕು ಎಂದೆ. ಅವರು ಬೆಚ್ಚಿಬಿದ್ದರು. "ಮುಖದ ಮುಂದೆ ನಿಂತು ಕೇಳುವುದೇ? ಪಾಪ, ಇಲ್ಲ ಅನ್ನಲಾರದೆ ಸಿಕ್ಕಿಹಾಕಿಕೊಳ್ಳುತ್ತಾರೆ, ಜೆಸಿಂತಾ. ಅದು ಮರ್ಯಾದೆಯಲ್ಲ." ಇಲ್ಲಿಯವರ ಮರ್ಯಾದೆ ಒಂದು, ನಮ್ಮದು ಇನ್ನೊಂದು. ಕೊನೆಗೆ ಫಾದರ್ ಬ್ರೆಂಡನ್ ನಕ್ಕು, "ನನ್ನ ಹೆಸರು ಹೇಳಿ ಕರೆಯಿರಿ, ಬೈಗುಳ ನನಗಿರಲಿ," ಎಂದರು.

ಆ ಎರಡು ವಾರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಿನಾ ಸಂಜೆ ಐದಕ್ಕೆ ಮೊರೀನ್ ಅವರ ಹಳೆಯ ಕರೋಲಾ ಕಾರಿನಲ್ಲಿ ಹೊರಡುತ್ತಿದ್ದೆವು. ಮೊದಲ ಮನೆ ಚೌರಪ್ಪ ಅಂಕಲ್‌ರದು. "ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯಲು ನೀವು ಬರಬೇಕು" ಎಂದೆವು. ಅವರು ಎದ್ದು ನಿಂತರು. "ಬತ್ತೀನಿ," ಎಂದರು. ಅಷ್ಟೇ! ಎರಡನೆಯ ಮನೆ ಸಮೋವಾದ ಸೀನಾ ಎಂಬ ಮಹಿಳೆಯದು. ನಾವು ಹೇಳಿದ್ದನ್ನು ಕೇಳಿ ಒಳಗೆ ಹೋದರು. ಕೋಪ ಬಂತೇನೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಗಂಡ, ತಂಗಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊರಬಂದರು. "ನಾವೆಲ್ಲ ಹಾಡುತ್ತೇವೆ. ಮೂರು ವರ್ಷದಿಂದ ಯಾರಾದರೂ ಕೇಳುತ್ತಾರೆಂದು ಕಾಯುತ್ತಿದ್ದೆವು." ಕಾರಿಗೆ ಹಿಂತಿರುಗಿದಾಗ ಮೊರೀನ್ ಕೀ ತಿರುಗಿಸಲೂ ಮರೆತು, "ಮೂರು ವರ್ಷ! ಮೂರು ವರ್ಷ!" ಎನ್ನುತ್ತಿದ್ದರು.

ಎಲ್ಲ ಮನೆಯಲ್ಲೂ ತಿನ್ನಲೇಬೇಕು. ಕೋಡುಬಳೆ, ತೆಂಗಿನಹಾಲಿನ ಬನ್ನು, ಬಾಳೆಹಣ್ಣಿನ ಕೇಕು. ಮೈಸೂರಿನ ನವೀನ್ ಮನೆಯಲ್ಲಿ ಮಾತ್ರ ಮೊರೀನ್‌ಗೂ ನನಗೂ ವಾದವಾಯಿತು. ಅವನು ಇಂಜಿನಿಯರ್, ಒಳ್ಳೆಯ ಕಂಠ, ವಾಚನಕ್ಕೆ ಹೇಳಿಮಾಡಿಸಿದವನು. "ನೋಡೋಣ ಆಂಟಿ, ಟ್ರೈ ಮಾಡ್ತೀನಿ," ಎಂದ. ಟ್ರೈ ಎಂಬ ಒಂದೇ ಪದ ಹಿಡಿದು, ಪ್ರಯತ್ನ ಮಾಡುತ್ತಾನಂತೆ ಎಂದು ಮೊರೀನ್ ಖುಷಿಯಿಂದ ಹೆಸರಿನ ಪಟ್ಟಿಯಲ್ಲಿ ಗುರುತು ಹಾಕಿದರು. ನಮ್ಮ ಕಡೆ "ನೋಡೋಣ" ಅಂದರೆ ಇಲ್ಲ ಅಂತಲೇ ಎಂದು ನಾನು ಅದನ್ನು ಹೊಡೆದುಹಾಕಿದೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದವನು ನವೀನ್! ಮೊರೀನ್ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲಾರೆ.

ಆದರೆ ಮುಖದ ಮುಂದೆ ಕೇಳಬಾರದು ಎಂದು ಮೊರೀನ್ ಹೇಳಿದ್ದೂ ಸುಳ್ಳಾಗಿರಲಿಲ್ಲ. ಪ್ಲಂಬರ್ ಕೆಲಸದಿಂದ ನಿವೃತ್ತರಾಗಿದ್ದ ಗ್ರಹಾಂ ಮನೆಯ ಮುಂದೆ ಯೂಟ್, ಅಂದರೆ ಹಿಂಬದಿ ತೆರೆದ ಪಿಕಪ್ ಗಾಡಿ, ತೊಳೆಯುತ್ತಿದ್ದರು. ಮೈಕು ನೋಡಿಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿದ್ದೇ ತಡ ಕಿವಿ ಕೆಂಪಾಯಿತು. "ಯಾ, ನಾ," ಎಂದು ಇಲ್ಲಿಯವರ ರೀತಿಯಲ್ಲಿ ನಯವಾಗಿ ಇಲ್ಲವೆಂದು ಮತ್ತೆ ಚಕ್ರ ಉಜ್ಜತೊಡಗಿದರು. ಎರಡು ದಿನ ಬಿಟ್ಟು ನೋಡಿದರೆ ಗೋಡೆಯ ಫಾರಂನಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅವರ ಹೆಸರಿತ್ತು. ಅಂತೂ ಕೆಲವರಿಗೆ ಗೋಡೆಯೂ ಬೇಕು ಎಂದು ಫಾರಂ ಕಿತ್ತುಹಾಕದೆ ಬಿಟ್ಟೆ.

ಹನ್ನೊಂದು ಖಾನೆ ತುಂಬಿದವು. ಉಳಿದದ್ದು ಒಂದು, ಎಲ್ಲಕ್ಕಿಂತ ಕಷ್ಟದ್ದು. ಪಾದ್ರಿ ಇಲ್ಲದ ದಿನ ಮುಂದೆ ನಿಂತು ಪ್ರಾರ್ಥನೆ ನಡೆಸುವವರ ಖಾನೆ. ಭಕ್ತರು ಬಲಿಪೂಜೆ ಅರ್ಪಿಸುವಂತಿಲ್ಲ. ಆದರೆ ವಾಚನಗಳನ್ನು ಓದಿಸಿ, ಪ್ರಾರ್ಥನೆ ಮುನ್ನಡೆಸಿ, ಪಾದ್ರಿ ಮೊದಲೇ ಪವಿತ್ರೀಕರಿಸಿಟ್ಟ ಪರಮಪ್ರಸಾದವನ್ನು ಹಂಚಬಹುದು. ಅದಕ್ಕೆ ಮೂರು ಸಂಜೆಯ ತರಬೇತಿ, ಪಾದ್ರಿಯ ಒಪ್ಪಿಗೆ ಬೇಕು. ತರಬೇತಿಗೆ ಕುಳಿತವರು ನಾನು, ಸೀನಾ ಮತ್ತು ಹಾಲ್‌ನ ಬೀಗ ತೆಗೆಯಲು ಬಂದು ಹಿಂದೆ ಕುಳಿತಿದ್ದ ಮೊರೀನ್. ಫಾದರ್ ಮೂವರಿಗೂ ಸಹಿ ಹಾಕಿಕೊಟ್ಟಿದ್ದರು. ಸೀನಾ, ಹಾಡು ಸಾಕು, ಅದು ಬೇಡ ಎಂದರು. ನಾನು ಪೆನ್ಸಿಲ್‌ನಲ್ಲಿ ನನ್ನ ಹೆಸರನ್ನೇ ಬರೆದುಕೊಂಡೆ. ಸಂಬಳದವರು ಲೆಕ್ಕಕ್ಕಿಲ್ಲ ಎಂಬ ನಿಯಮ ಗೊತ್ತಿದ್ದೂ, ಪ್ರತಿನಿಧಿ ಬರುವ ದಿನ ಫಾದರ್ ಇರುತ್ತಾರಲ್ಲ, ಯಾರು ಕೇಳುತ್ತಾರೆ ಎಂದುಕೊಂಡೆ.

ಗರಿಗಳ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಫೋನು. ಫಾದರ್ ಬ್ರೆಂಡನ್ ಅವರದೇ ಎಂದು ಗುರುತು ಹತ್ತದಷ್ಟು ಒಡೆದ ದನಿ. ಕೋವಿಡ್ ಪಾಸಿಟಿವ್. ಹಿಂದಿನ ದಿನ ಅವರು ಆಶೀರ್ವದಿಸಿಟ್ಟ ಗರಿಗಳಿದ್ದವು, ಪರಮಪ್ರಸಾದವಿತ್ತು, ಫಾದರ್ ಮಾತ್ರ ಇಲ್ಲ. "ಇದಕ್ಕೇ ಅಲ್ಲವೇ ತಂಡ ಕಟ್ಟಿದ್ದು? ನಡೆಸಿ," ಎಂದು ಕೆಮ್ಮುತ್ತಾ ಫೋನಿಟ್ಟರು.

ಒಂಬತ್ತಕ್ಕೆ ಕಚೇರಿಯ ಪ್ರತಿನಿಧಿ ಬಂದರು. ಅವರೂ ಪಾದ್ರಿಯಲ್ಲ, ನಮ್ಮಂಥ ಭಕ್ತೆಯೇ. ಫೈಲು ಬಿಚ್ಚಿ ಮೂರನೆಯ ಬೆಂಚಿನಲ್ಲಿ ಕುಳಿತರು. ಪೂಜೆ ಒಂಬತ್ತೂವರೆಗೆ.  ಪ್ರಾರ್ಥನೆಯ ಪುಸ್ತಕ ಹಿಡಿದು ಪೀಠದ ಕಡೆ ಹೊರಟ ನನ್ನನ್ನು ಚೌರಪ್ಪ ಅಂಕಲ್ ತಡೆದರು.

"ನೀನು ಸಂಬ್ಳಕ್ಕಿರೋಳು ಕಣವ್ವ. ಅವ್ರು ನೋಡಕ್ ಬಂದಿರದು ಊರೋರ್ನ. ಆಯಮ್ಮನ್ನ ಕರಿ."

"ಮೊರೀನ್ ಅವರನ್ನಾ? ಅವರು ಯಾವತ್ತೂ ಮುಂದೆ ನಿಂತೋರಲ್ಲ ಅಂಕಲ್."

"ಯಾರಾದ್ರೂ ಕರ್ದಿದ್ರಾ?"

 ಎರಡು ವಾರ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಊರನ್ನೆಲ್ಲ ಕರೆದು ಬಂದಿದ್ದೆ. ಕಾರು ಓಡಿಸಿದವರನ್ನೇ ಕರೆದಿರಲಿಲ್ಲ! ನಾಚಿಕೆಯಿಂದ ಹಿಂದಿನ ಕೋಣೆಗೆ ಓಡಿದೆ. ಅವರು ಏಪ್ರನ್ ಕಟ್ಟಿಕೊಂಡು ಗರಿಗಳನ್ನು ಕಟ್ಟು ಕಟ್ಟುತ್ತಿದ್ದರು.

"ಮೊರೀನ್, ಇವತ್ತಿನ ಪ್ರಾರ್ಥನೆ ನೀವು ನಡೆಸಿಕೊಡಬೇಕು. ನಿಮ್ಮನ್ನು ಕರೆಯಲು ಬಂದಿದ್ದೇನೆ."

"ತಮಾಷೆ ಮಾಡಬೇಡಮ್ಮ," ಎಂದು ಅವರು ಮತ್ತೆ ಗರಿ ಎತ್ತಿಕೊಂಡರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಚೌರಪ್ಪ ಅಂಕಲ್ ಬಂದು ನಿಂತಿದ್ದರು. ಕೈ ಮುಗಿದು, ತಮಗೆ ಬರುವ ಇಂಗ್ಲಿಷಿನಲ್ಲೇ ಹೇಳಿದರು: "ಮೊರೀನ್ ಮೇಡಂ, ಪ್ಲೀಸ್ ಕಮ್. ವೀ ಆಲ್ ಕಾಲಿಂಗ್ ಯೂ."

ಮೊರೀನ್ ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟರು.  ಆಮೇಲೆ ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಮೊದಲ ಪ್ರಾರ್ಥನೆಯಲ್ಲಿ ಅವರ ದನಿ ಎರಡು ಸಲ ಸಿಕ್ಕಿಕೊಂಡಿತು. ಗ್ರಹಾಂ ಸದ್ದಿಲ್ಲದೆ ಮೈಕಿನ ಧ್ವನಿ ಏರಿಸಿದರು. ಸೀನಾ ಮನೆಯವರು ಹಾಡು ಎತ್ತಿದಾಗ ಕಿಟಕಿಯ ಗಾಜು ಅದುರಿತು. ನವೀನ್ ಓದಿದ. ಶುಭಸಂದೇಶ ಓದುವ ಹೊತ್ತಿಗೆ ಮೊರೀನ್ ಅವರ ದನಿ ಗಟ್ಟಿಯಾಗಿತ್ತು. ನಾನು ಏಪ್ರನ್ ಹಿಡಿದು ಹಿಂದೆ ನಿಂತು, ನಾಚಿಕೆಯಿಲ್ಲದೆ ಅಳುತ್ತಿದ್ದೆ.

ಈಸ್ಟರ್ ಕಳೆದ ಮೇಲೆ ಕಚೇರಿಯಿಂದ ಪತ್ರ ಬಂತು. ದೇವಾಲಯ ಉಳಿಯಿತು. ಹನ್ನೆರಡನೆಯ ಖಾನೆಯಲ್ಲಿ ನನ್ನ ಪೆನ್ಸಿಲ್ ಅಕ್ಷರ ಅಳಿಸಿ ಮೊರೀನ್ ಹೆಸರು ಬರೆದೆ. ಅವರ ಹಳೆಯ ಐದು ಕೆಲಸಗಳನ್ನು ಐದು ಮನೆಯವರು ಹಂಚಿಕೊಂಡಿದ್ದಾರೆ. ನಾನು ಕಳೆದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದ ಹುಡುಗಿಗೆ ಒಂದೇ ಪಾಠ ಹೇಳಿಕೊಟ್ಟೆ: ಹೆಸರು ಬರೆಯದವರಿಗೆ ಮನಸ್ಸಿಲ್ಲ ಎಂದುಕೊಳ್ಳಬೇಡ, ಹೆಸರು ಬರೆದವರನ್ನು ಕರೆದಾಯಿತು ಎಂದೂ ಅಂದುಕೊಳ್ಳಬೇಡ.

ಆ ಗರಿಗಳ ಭಾನುವಾರ ಎಲ್ಲರೂ ಹೋದ ಮೇಲೆ ಮೊರೀನ್ ಮತ್ತು ನಾನು ಮೊದಲ ಬೆಂಚಿನಲ್ಲಿ ಕುಳಿತಿದ್ದೆವು. ಅವರು ಪೀಠದ ಕಡೆ ಕೈ ತೋರಿಸಿದರು. "ಮೂವತ್ತನಾಲ್ಕು ವರ್ಷ, ಜೆಸಿಂತಾ," ಎಂದರು. "ಅಲ್ಲಿ ನಿಲ್ಲುವುದು ನನ್ನಂಥವಳಿಗೆ ಅಲ್ಲ ಅಂತಲೇ ಅಂದುಕೊಂಡಿದ್ದೆ."