ತಿರುವಿನಾಚೆಯ ಬಿಸಿಲು

ಕಪಾಟಿನ ಹಿಂದಿನಿಂದ ಹೊರಬಂದ ತಗಡಿನ ಕೊಳವೆಯನ್ನು ಮೂಗಿನ ಬಳಿ ಹಿಡಿದೆ. ದೀಪದ ಕರಿಯ ವಾಸನೆಯ ಅಡಿಯಲ್ಲಿ ಮುಖದ ಪೌಡರಿನ ಪರಿಮಳ ಇನ್ನೂ ಉಳಿದಿತ್ತು. ಎರಡು ಪೌಡರ್ ಡಬ್ಬಿಗಳ ತಳ ಕತ್ತರಿಸಿ, ಮೊಣಕೈಯಂತೆ ಬಾಗಿಸಿ ಜೋಡಿಸಿ, ಒಳಗೆಲ್ಲ ಕರಿ ಹಿಡಿಸಿ ಇದನ್ನು ಮಾಡಿದ್ದವರು ನಮ್ಮ ವಿಜ್ಞಾನದ ಶಿಕ್ಷಕಿ. ಸಿರುಗುಪ್ಪದ ಪ್ರೌಢಶಾಲೆಯಲ್ಲಿ ನಾನು ಕನ್ನಡ ವ್ಯಾಕರಣವನ್ನು ಕಲಿಸುತ್ತಿದ್ದಾಗ, ಅವರು ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು.

ಪಾಠದ ಜೊತೆಗೆ ಅವರು ಪಿಎಚ್.ಡಿ. ಪ್ರಬಂಧವನ್ನೂ ಬರೆಯುತ್ತಿದ್ದರು. ಧ್ರುವಗಳ ಆಕಾಶದಲ್ಲಿ ಹಸಿರು ಬೆಳಕಿನ ಪರದೆಯಂತೆ ತೂಗುವ ಧ್ರುವಪ್ರಭೆಗೂ ಮೇಲೆ, ಎಲೆಕ್ಟ್ರಾನಿನಂಥ ವಿದ್ಯುದಾವಿಷ್ಟ ಕಣಗಳನ್ನು ಉಪಗ್ರಹವೊಂದು ಎಣಿಸಿ ಕಳುಹಿಸಿದ ಅಳತೆಗಳು ಅವರ ಲ್ಯಾಪ್‌ಟಾಪಿನಲ್ಲಿದ್ದವು. ಮಧ್ಯಾಹ್ನ ಬುತ್ತಿಯನ್ನು ಬಿಚ್ಚುವುದಕ್ಕೂ ಮೊದಲೇ ಆ ಅಳತೆಗಳ ನಕ್ಷೆಯ ಗೆರೆಗಳನ್ನು ನೋಡುತ್ತ ಕುಳಿತುಬಿಡುತ್ತಿದ್ದರು. ಗೆರೆಯಲ್ಲಿ ಒಂದೆಡೆ ಉಬ್ಬು ಕಾಣುತ್ತಿತ್ತು. ಅದು ಯಾರೂ ಗುರುತಿಸದ ಕಣಗಳ ಗುಂಪೆಂಬುದು ಅವರ ನಂಬಿಕೆ. ಇಡೀ ಪ್ರಬಂಧ ನಿಂತಿದ್ದುದು ಆ ಉಬ್ಬಿನ ಮೇಲೆ. ಪ್ರಬಂಧ ಮುಗಿದರೆ ಬಳ್ಳಾರಿಯ ಕಾಲೇಜಿನಲ್ಲಿ ಕಲಿಸುವ ಆಸೆಯಿತ್ತು.

"ಮೇಡಂ, ನಿಮ್ಮ ಉಪಗ್ರಹ ನಮ್ಮೂರ ಮ್ಯಾಲ ಬರ್ತೈತೇನ್ರಿ?" ಎಂದು ಜವಾನ ಕಿಚಾಯಿಸುತ್ತಿದ್ದ.

"ಬರ್ತೈತಪ್ಪಾ. ಎಕ್ಸ್‌ಪ್ರೆಸ್ ಬಸ್ ಇದ್ದಂಗ, ಕೈ ಮಾಡಿದ್ರೂ ನಿಂದ್ರಂಗಿಲ್ಲ."

ನನ್ನನ್ನೂ ಬಿಡುತ್ತಿರಲಿಲ್ಲ. "ಸರ್, ನೀವು ಹುಡುಗರ ತಪ್ಪು ಹಿಡೀರಿ, ನಾ ಎಲೆಕ್ಟ್ರಾನ್ ಹಿಡೀತೀನಿ. ಯಾರಿಗೆ ಜಾಸ್ತಿ ಸಿಗ್ತಾವ ನೋಡೂಣು!"

ಉಪಗ್ರಹದ ಉಪಕರಣವನ್ನು ಹತ್ತನೆಯ ತರಗತಿಗೆ ವಿವರಿಸಲೆಂದು ಈ ಕೊಳವೆಯನ್ನು ತಂದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಉಪಕರಣದಲ್ಲೂ ಹೀಗೆಯೇ ಬಾಗಿದ ದಾರಿಯಿದೆ, ಕಣಗಳನ್ನು ವಿದ್ಯುತ್ತು ಆ ತಿರುವಿನಲ್ಲಿ ಬಾಗಿಸಿ ಒಯ್ಯುತ್ತದೆ. ಬಿಸಿಲು ಬಾಗಲಾರದೆ ಕರಿಗೋಡೆಗೆ ಬಡಿದು ಅಲ್ಲಿಯೇ ಸಾಯುತ್ತದೆ ಎಂದು ಹೇಳಿ, ಕೊಳವೆಯನ್ನು ಕಿಟಕಿಗೆ ಹಿಡಿದರು. ಇನ್ನೊಂದು ತುದಿಯಲ್ಲಿ ಕಣ್ಣಿಟ್ಟ ಹುಡುಗಿ, "ಮಿಸ್, ಬಿಸಲು ಬರಾಕತ್ತೈತ್ರಿ!" ಎಂದಳು. ತರಗತಿಯೆಲ್ಲ ನಕ್ಕಿತು. ಅವರು ಮಾತ್ರ ಕೊಳವೆಯೊಳಗೆ ಇಣುಕಿ ನೋಡಿದರು. ಕರಿಗೋಡೆಗೆ ಬಡಿದ ಬಿಸಿಲು ಸಾಯದೆ, ಚದುರಿ ತಿರುವನ್ನು ದಾಟಿತ್ತು.

ಅಂದೇ ಶಿಕ್ಷಕರ ಕೊಠಡಿಯಲ್ಲಿ ಕುಳಿತು, ಉಪಗ್ರಹ ಭೂಮಿಯ ನೆರಳಿನಲ್ಲಿದ್ದಾಗಿನ ಅಳತೆಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಉಬ್ಬು ಇರಲಿಲ್ಲ. ಉಪಕರಣದ ಬಾಯಿ ಸೂರ್ಯನ ಕಡೆಗಿದ್ದಾಗ ಮಾತ್ರ ಇತ್ತು. ಇಷ್ಟು ವರ್ಷ ಅವರು ಕಣಗಳೆಂದು ತಿಳಿದದ್ದು ಒಳಗೆ ನುಸುಳಿದ ಬಿಸಿಲನ್ನು.

"ಬಳ್ಳಾರಿ ಸೀಮ್ಯಾಗ ಹುಟ್ಟಿ ಬಿಸಲಿನ ಗುರುತು ಹತ್ತಲಿಲ್ಲ ನೋಡ್ರಿ, ಸರ್," ಎಂದರು. ನಗಲು ಪ್ರಯತ್ನಿಸಿದರು.

"ಬೇರೆ ವಿಷಯವನ್ನು ತೆಗೆದುಕೊಳ್ಳಬಹುದಲ್ಲವೇ?" ಎಂದೆ.

"ಯೂನಿವರ್ಸಿಟಿಯವ್ರು ಕೊಟ್ಟ ಟೈಮು ಮುಗೀತ್ರಿ. ಇನ್ನ ಯಾರು ಕೊಡ್ತಾರ?"

ಮಾರ್ಗದರ್ಶಕರಿಗೆ ತಾವೇ ಫೋನು ಮಾಡಿ ತಿಳಿಸಿದರು. ಪ್ರಬಂಧ ಸಲ್ಲಿಕೆಯಾಗಲಿಲ್ಲ, ಬಳ್ಳಾರಿಯ ಮಾತೂ ನಿಂತಿತು. ಆಮೇಲೆ ಮಧ್ಯಾಹ್ನಗಳಲ್ಲಿ ಬುತ್ತಿಯನ್ನು ಬೇಗನೆ ಬಿಚ್ಚುತ್ತಿದ್ದರು, ಬೇಗನೆ ಮುಚ್ಚುತ್ತಿದ್ದರು. ತೆಕ್ಕಲಕೋಟೆಗೆ ವರ್ಗವಾದಾಗ ಕೊಳವೆಯನ್ನು ಮೇಜಿನ ಮೇಲೆಯೇ ಬಿಟ್ಟುಹೋದರು. ನಾನು ಮನೆಗೆ ತಂದಿಟ್ಟೆ. ತೆಕ್ಕಲಕೋಟೆಯಲ್ಲಿ ಅವರು ಕಾಯಿಲೆ ಬಿದ್ದರೆಂದು ಕೇಳಿದೆ. ನೋಡಿಬರಬೇಕೆಂದುಕೊಳ್ಳುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು.

ಇಂದು ಕೊಳವೆಯನ್ನು ಕಿಟಕಿಗೆ ಹಿಡಿದೆ. ಕರಿ ಅಲ್ಲಲ್ಲಿ ಉದುರಿತ್ತು. ತಿರುವಿನಾಚೆ ಏನೋ ಹೊಳೆಯಿತು. ಕ್ಷಣಕಾಲ, ಬಿಸಿಲಲ್ಲದ ಬೇರೆ ಏನಾದರೂ ಆಗಿರಬಾರದೇ ಎನ್ನಿಸಿತು. ಕಿಟಕಿಯ ಬಾಗಿಲನ್ನು ಮುಚ್ಚಿದೆ. ಹೊಳಪು ಹೋಯಿತು.