ಏಕಾದಶಿಯ ಮಾತ್ರೆ

ಹೆಂಡತಿಯ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಎರಡು ಬಗೆಯ ಕಿಮೊ ಸೋತ ಮೇಲೆ ಡಾಕ್ಟರು ಎರಡು ಔಷಧ ಕೂಡಿಸಿ ಕೊಟ್ಟರು: ಹದಿನೈದು ದಿನಕ್ಕೊಮ್ಮೆ ಇಂಜೆಕ್ಷನ್, ಜೊತೆಗೆ ತಿಂಡಿ, ಊಟವಾದ ಒಂದು ತಾಸಿನೊಳಗೆ ನುಂಗುವ ಮಾತ್ರೆ. ಇದೂ ಸೋತರೆ ಮುಂದೆ ಹೆಚ್ಚೇನೂ ಉಳಿದಿಲ್ಲ ಎಂದರು. ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ.

ಒಂದು ಬೆಳಿಗ್ಗೆ ಎಂಟಕ್ಕೆ, ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಕೆಳಗೆ ಸಾಫ್ಟ್‌ವೇರ್ ಕಂಪನಿಯ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದಾಗ, ಆಕೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಹೊರಟಿದ್ದಳು. ಅಡುಗೆಮನೆಯಲ್ಲಿ ತಿಂಡಿ ಮಾಡಿದ ಗುರುತೇ ಇರಲಿಲ್ಲ; ಏಕಾದಶಿಯ ಉಪವಾಸ.

"ನಾಷ್ಟಾ ಆತು ಅಂದಿದ್ದೆಲ್ಲ?"

"ಸುಳ್ಳು ಹೇಳಿದೆರಿ. ಹೋದ ಏಕಾದಶಿಗೂ ಹಿಂಗ ಮಾಡೀನಿ. ಮೊದಲಿನ ಔಷಧಕ್ಕ ವ್ರತ ಬಿಟ್ಟೆ, ಏನು ನೆಟ್ಟಗಾತು?"

ನನಗೆ ಮೈ ಉರಿಯಿತು. ಇಂಥ ರೋಗದಲ್ಲೂ ಏಕಾದಶಿ ಬಿಡದಿದ್ದರೆ ಪುಣ್ಯ ಎಂದು ಆಕೆಗೆ ಫೋನಿನಲ್ಲಿ ಉಪದೇಶಿಸುತ್ತಿದ್ದ ನೆಂಟರ ಮೇಲೆ ಸಿಟ್ಟು. ಗಡಿಯಾರ ನೋಡಿ ಪಟ್ಟಿಗೆ ಗುರುತು ಹಾಕುತ್ತ, ಒಮ್ಮೆಯೂ ಆಕೆಯ ತಾಟು ನೋಡದ ನನ್ನ ಮೇಲೆ ಇನ್ನೂ ಹೆಚ್ಚು.

ನಲವತ್ತು ವರ್ಷ ಏಕಾದಶಿಯಂದು ಅನ್ನ ಮುಟ್ಟದವನು ಕುಕ್ಕರ್ ಇಟ್ಟೆ. ಮೊಸರನ್ನ ಕಲಸಿ, ಆಕೆಯ ಎದುರಿಗೆ ಕುಳಿತು, ಮೊದಲ ತುತ್ತು ನಾನೇ ತಿಂದೆ.

"ಪಾಪ ಬಂದ್ರ ನನಗ ಬರಲಿ. ಉಣ್ಣು."

ಆಕೆ ಅಳುತ್ತಲೇ ಉಂಡಳು.

"ಉಪ್ಪೇ ಹಾಕಿಲ್ಲರಿ," ಎಂದಳು.

"ಹಂಗೇ ಉಣ್ಣು," ಎಂದು ಗದರಿಸಿ, ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕಾದು ಕುಳಿತೆ.